ಅನೂರ್ಜಿತ

ಬಲ, ಚೈತನ್ಯ ಎಂಬರ್ಥದ ಸಂಸ್ಕೃತದ ‘ಊರ್ಜ್’ ಮೂಲದಿಂದ ಬಂದ ‘ಊರ್ಜಿತ’ವು ಕನ್ನಡದ ಕಾನೂನು ಬರಹದಲ್ಲಿ ‘ಕಾನೂನಿನ ಬಲವುಳ್ಳದ್ದು’ ಎಂಬ ಅರ್ಥ ಪಡೆದಿದ್ದು, ನಿಷೇಧಾರ್ಥದ ‘ಅನ್’ ಸೇರಿ ಆದ ‘ಅನೂರ್ಜಿತ’ವು ಆ ಬಲ ಕಳೆದುಕೊಂಡ ಕಾಯ್ದೆಗೆ ಸಲ್ಲುತ್ತದೆ. ಪತ್ರಿಕೆಗಳು ಇದನ್ನೂ ಅರಬ್ಬಿ ಮೂಲದ ‘ರದ್ದು’ ಎಂದೇ ಬರೆಯುವುದುಂಟಾದರೂ, ಶಾಸನಸಭೆ ತನ್ನ ಕಾಯ್ದೆಯನ್ನು ತಾನೇ ಹಿಂತೆಗೆಯುವುದು ಬೇರೆ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಷ್ಟರಮಟ್ಟಿಗೆ ಅನೂರ್ಜಿತವೆನ್ನುವ ಸಂವಿಧಾನದ 13ನೇ ವಿಧಿಯನ್ನು ನ್ಯಾಯಾಲಯ ಅನ್ವಯಿಸುವುದು ಬೇರೆ.

ಶಾಸನಾಧಿಕಾರಕ್ಕೆ ನ್ಯಾಯಾಂಗದ ಇಂಥ ಪರಿಶೀಲನೆ ಅಗತ್ಯವೇ ಸರಿ. ಆದರೆ ನ್ಯಾಯಾಲಯದ ಮಾತು ಯಾವಾಗಲೂ ಕೊನೆಯದಲ್ಲ. ಮೀಸಲಾತಿಯಡಿ ಬಡ್ತಿ ಪಡೆದ ನೌಕರರಿಗೆ ಆ ಬಡ್ತಿಯಿಂದಲೇ ಒದಗುವ ಹಿರಿತನವನ್ನು, ಅಂದರೆ ‘ತತ್ಪರಿಣಾಮ ಜ್ಯೇಷ್ಠತೆ’ಯನ್ನು, ಕಾಪಾಡಿದ್ದ ಕರ್ನಾಟಕದ 2002ರ ಕಾಯ್ದೆಯ 3 ಮತ್ತು 4ನೇ ಪ್ರಕರಣಗಳನ್ನು ಬಿ.ಕೆ. ಪವಿತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಅನೂರ್ಜಿತಗೊಳಿಸಿದಾಗ, ರಾಜ್ಯವು ರತ್ನಪ್ರಭಾ ಸಮಿತಿಯಿಂದ ಪ್ರಾತಿನಿಧ್ಯದ ಅಂಕಿಅಂಶ ಪಡೆದು ಹೊಸ ಕಾಯ್ದೆ ರಚಿಸಿತು. 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.