ಹಸಿದವರ ಬಗನಿ ಹಿಟ್ಟು

ಸ್ಮರಣ ಸಂಚಿಕೆಗೆ ಊರಿನ ಬಗ್ಗೆ ಏನಾದರೂ ಬರೆದುಕೊಡಲೇಬೇಕೆಂದು ಸಂಪಾದಕರು ಹಿಡಿದ ಪಟ್ಟು ಬಿಡಲಿಲ್ಲ. ಕಾಫಿ, ಮುಳ್ಳಯ್ಯನಗಿರಿಗಳನ್ನು ಎಲ್ಲರೂ ಬರೆದಾಗಿದೆ. ನಾನು ಮಲೆನಾಡಿನ ನಮ್ಮ ಮಲ್ಲಂದೂರು ಕಡೆಯ ಬಗನಿ ಮರವನ್ನು ಆರಿಸಿಕೊಂಡೆ. ಹಸಿವೆಂದರೆ ಪಿಜ್ಜಾ ತಡವಾಗುವುದು ಎಂದುಕೊಂಡಿರುವ ಇಲ್ಲಿ ಫ್ಲಾರಿಡಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ಓದಲಿ.

1876–78ರ ಧಾತು-ಈಶ್ವರ ಸಂವತ್ಸರಗಳ ಬರದ ದೆಸೆಯಿಂದ, 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಅದು ಹೆಚ್ಚಾಗಿ ಬಯಲುಸೀಮೆಯ ಸಂಕಟ. ಮಲೆನಾಡಿನಲ್ಲಿ ಹಿಂದೆ ಮಳೆ ಬಂದರೇ ಉಪವಾಸ. ಆಷಾಢದಲ್ಲಿ ಭತ್ತದ ಪಣತ ಬರಿದಾಗಿ, ಹಳ್ಳ ಉಕ್ಕಿ ಪೇಟೆಯ ದಾರಿ ಕಟ್ಟಿದರೆ ಕೂಲಿಯೂ ಇಲ್ಲ, ಅಕ್ಕಿಯೂ ಇಲ್ಲ. 1942ರಲ್ಲಿ ಬರ್ಮಾ ಜಪಾನಿಗರ ವಶವಾಗಿ ಅಲ್ಲಿನ ಅಕ್ಕಿ ನಿಂತ ಮೇಲಂತೂ ಕೇಳಲೇಬೇಡಿ.

ಅಂಥ ದಿನಗಳಲ್ಲಿ ಹೊಟ್ಟೆಗೆ ಆಗುತ್ತಿದ್ದುದು ಬಗನಿಯ ಹಿಟ್ಟು. ಅದಕ್ಕೆ ಮರವನ್ನು ಹೂ ಬಿಡುವ ಮುನ್ನವೇ ಕಡಿಯಬೇಕು. ತುದಿಯಿಂದ ಕೆಳಕ್ಕೆ ಗೊನೆ ಬಿಡುತ್ತಾ ಬಂದಂತೆ ಕಾಂಡದೊಳಗಿನ ಹಿಟ್ಟು ಕರಗಿ, ಕೊನೆಗೆ ಮರವೇ ಸಾಯುತ್ತದೆ. ಕಾಂಡ ಸೀಳಿ, ತಿರುಳು ತೆಗೆದು, ಕುಟ್ಟಿ, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ನಾರು ಮೇಲುಳಿಯುತ್ತದೆ. ತಳಕ್ಕಿಳಿದ ಹಿಟ್ಟಿಗೆ ಮತ್ತೆ ಮತ್ತೆ ನೀರು ಬದಲಿಸಿ ಒಗರು ತೆಗೆದು, ಒಣಗಿಸಿ, ಗಂಜಿಯನ್ನೋ ರೊಟ್ಟಿಯನ್ನೋ ಮಾಡುತ್ತಿದ್ದರು.

ನಮ್ಮಜ್ಜಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. "ಯಾರ ಹತ್ರನೂ ಹೇಳ್ಬೇಡ ಮಗಾ, ಬಗನಿ ತಿಂದೋರು ಅಂತಾರೆ." ಬಂದ ನೆಂಟರಿಗೆ ಕಾಣದಂತೆ ಗಂಜಿಯ ಗಡಿಗೆಯನ್ನು ಕೊಟ್ಟಿಗೆಯಲ್ಲಿಟ್ಟಿದ್ದರಂತೆ. ಹಿಟ್ಟು ಮಾಡಲು ಬಲ್ಲವರೂ ನಮ್ಮ ಮನೆಯವರಲ್ಲ, ತೋಟಕ್ಕೆ ಬರುತ್ತಿದ್ದ ಹೆಣ್ಣಾಳುಗಳು. ಅವರು ಕಲಿಸಿದ್ದರಿಂದ ನಮ್ಮ ಒಲೆ ಹೊತ್ತಿತು. ಈಗ ನಾವು ವೇದಿಕೆಯ ಮೇಲೆ ಹೆಮ್ಮೆಯಿಂದ 'ನಮ್ಮ ಹಿರಿಯರ ಜ್ಞಾನ' ಎನ್ನುತ್ತೇವೆ. ಆ ಹಿರಿಯರಲ್ಲಿ ಈ ಹೆಣ್ಣಾಳುಗಳನ್ನು ಎಣಿಸಿಕೊಳ್ಳುವುದಿಲ್ಲ. ಬರಗಾಲದಲ್ಲಿ ಈ ಮರಗಳು ಇರುವವರೆಗೂ ಜನ ಅಷ್ಟಾಗಿ ನರಳಲಿಲ್ಲವೆಂದು ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ (1751–1815) ಬರೆದಿಟ್ಟಿದ್ದಾನೆ. ಅಜ್ಜಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ.

ಫ್ಲಾರಿಡಾದ ಸೆಮಿನೋಲ್ ಮೂಲನಿವಾಸಿಗಳೂ ಕೂಂಟಿ ಎಂಬ ವಿಷದ ಗಿಡದ ಬುಡವನ್ನು ಹೀಗೇ ಕುಟ್ಟಿ, ತೊಳೆದು ಹಿಟ್ಟು ಮಾಡುತ್ತಿದ್ದರು. ಬಗನಿಯ ನೆಂಟನೂ ಇಲ್ಲಿದ್ದಾನೆ: ಅಂಗಳದ ಅಲಂಕಾರಕ್ಕೆ ನೆಡುವ, ಮೀನಿನ ಬಾಲದಂಥ ಎಲೆಯ ಫಿಶ್‌ಟೇಲ್ ಪಾಮ್ ಅದೇ ಕುಲದ್ದು. ಮಕ್ಕಳಿಗೆ ಮರ ತೋರಿಸಿ, ಹಣ್ಣು ಮಾತ್ರ ಮುಟ್ಟಗೊಡಬೇಡಿ. ಅದರ ರಸ ತಾಗಿದರೆ ವಿಪರೀತ ತುರಿಕೆ.