೧೮೧೬ರ ಮದರಾಸು ಕಟ್ಟಳೆಗಳೂ ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳ ಗ್ರಾಮಾಡಳಿತವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಬಹುಭಾಗವನ್ನು ಆಕ್ರಮಿಸಿವೆ. ಇವುಗಳಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳು ಈಚಿನ ತಾಲ್ಲೂಕುಗಳು. ಉಳಿದ ಮೂರು ಮದರಾಸು ಆಧಿಪತ್ಯದ ಕಾಲದಿಂದ ಬಂದವು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಒಂದೂವರೆ ಶತಮಾನ ಕಾಲ ಸೇಂಟ್ ಜಾರ್ಜ್ ಕೋಟೆಯಿಂದ ಹೊರಟ ಶಾಸನಗಳಿಗೆ ಒಳಪಟ್ಟಿತ್ತು. ನೆರೆಯ ಹರಿಹರಕ್ಕೆ ಮೈಸೂರಿನ ಅಪ್ಪಣೆ, ತುಂಗಭದ್ರೆಯ ಆಚೆಯ ಮುಂಡರಗಿಗೆ ಮುಂಬಯಿಯ ಅಪ್ಪಣೆ, ಕೊಪ್ಪಳಕ್ಕೆ ನಿಜಾಮನ ಅಪ್ಪಣೆ. ಒಂದೇ ಭಾಷೆ, ಒಂದೇ ಬಗೆಯ ಹೊಲ, ಒಂದೇ ಜಾತ್ರೆಗೆ ಹೋಗುವ ಜನ. ಆದರೆ ಊರ ಗೌಡನ ಅಧಿಕಾರ ಮಾತ್ರ ಹೊಳೆ ದಾಟಿದರೆ ಬೇರೆ. ಈ ಭಿನ್ನತೆಯ ಮೂಲವನ್ನು ನಾವು ಇಲ್ಲಿ ಮುಖ್ಯವಾಗಿ ೧೮೧೬ರ ಕಟ್ಟಳೆಗಳಲ್ಲಿ, ವಿಶೇಷವಾಗಿ ಅವುಗಳಲ್ಲಿ ಹನ್ನೊಂದನೆಯದರಲ್ಲಿ, ವಿಚಾರಿಸಲು ಯತ್ನಿಸಿದ್ದೇವೆ.

೧೮೦೦ರ ಅಕ್ಟೋಬರ್ ೧೨ರ ಕೌಲಿನಂತೆ ನಿಜಾಮನು ಈ ಪ್ರದೇಶವನ್ನು ಕಂಪೆನಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂದು ಹೆಸರಾದ ಈ ವಿಶಾಲ ಸೀಮೆಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದನು. ಅವನ ಕೈಕೆಳಗೆ ನಾಲ್ವರು ಸಹಾಯಕ ಕಲೆಕ್ಟರುಗಳಿದ್ದರು. ಅವರ ಠಾಣ್ಯಗಳು ಅದವಾನಿ, ಹರಪನಹಳ್ಳಿ, ಕಡಪ, ಕಂಬಂ. ಹರಪನಹಳ್ಳಿಯನ್ನು ಠಾಣ್ಯವಾಗಿ ಆರಿಸಿದ್ದು ಆಕಸ್ಮಿಕವಲ್ಲವೆಂದು ನಮ್ಮ ಅಭಿಪ್ರಾಯ. ಅಲ್ಲಿಯ ಪಾಳೆಯಗಾರರು ಈ ಭಾಗದಲ್ಲಿ ಬಲಿಷ್ಠರಾಗಿದ್ದವರು. ಮುರಾರಿರಾಯನಿಗೂ ಹೈದರನಿಗೂ ಒಮ್ಮೆ ಕಪ್ಪ ಕೊಟ್ಟು, ಒಮ್ಮೆ ತಪ್ಪಿಸಿ, ತಲೆಯುಳಿಸಿಕೊಂಡು ಬಂದವರು. ಟೀಪೂ ಸುಲ್ತಾನನು ಅದವಾನಿಯ ಮುತ್ತಿಗೆಯ ನಂತರ ಹರಪನಹಳ್ಳಿ, ರಾಯದುರ್ಗಗಳ ಪಾಳೆಯಗಾರರನ್ನು ಸೆರೆಹಿಡಿದು ಆ ಸಂಸ್ಥಾನಗಳನ್ನು ವಶಮಾಡಿಕೊಂಡಿದ್ದನು. ಕೂಡ್ಲಿಗಿಯ ಸುತ್ತ ಗುಡೇಕೋಟೆ, ಜರಿಮಲೆಗಳಂಥ ಸಣ್ಣ ಪಾಳೆಯಪಟ್ಟುಗಳಿದ್ದವು. ಆ ಕೋಟೆಗಳ ಗೋಡೆಗಳನ್ನು ಇಂದೂ ನೋಡಬಹುದು.

ದತ್ತಮಂಡಲಗಳಲ್ಲಿ ಮನ್ರೋ ಎಣಿಸಿದ ಪಾಳೆಯಗಾರರು ಸುಮಾರು ಎಂಬತ್ತು ಮಂದಿ. ಅವರನ್ನು ಅವನು ಯುದ್ಧದಿಂದ ಅಡಗಿಸಿದ್ದಕ್ಕಿಂತ ಲೆಕ್ಕದಿಂದ ಅಡಗಿಸಿದನೆಂದರೆ ಸರಿಯಾದೀತು. ಸಶಸ್ತ್ರ ಬಂಟರನ್ನು ಸಾಕಲು ಏನೂ ಉಳಿಯದಂತೆ ಪೇಷ್ಕಷ್ ಏರಿಸುವುದು, ಕೊಡದವನ ಪಾಳೆಯವನ್ನು ತೆಗೆದುಕೊಳ್ಳುವುದು, ಎದುರು ನಿಂತವನ ಮೇಲೆ ಜನರಲ್ ಡ್ಯೂಗಾಲ್ಡ್ ಕ್ಯಾಂಪ್‌ಬೆಲ್ಲನ ದಂಡನ್ನು ಕಳಿಸುವುದು: ಇದು ಕ್ರಮ. ಲಂಡನಿನ ಡೈರೆಕ್ಟರುಗಳು ಈ ಕಾಠಿಣ್ಯವನ್ನು ಆಕ್ಷೇಪಿಸಿದಾಗ ಅವನು ತನ್ನ ಕ್ರಮವನ್ನು ಸಮರ್ಥಿಸಿಯೇ ಬರೆದನು. ಅನಂತಪುರ, ಕಡಪಗಳ ಕಡೆ ಮಕ್ಕಳಿಗೆ ಮುನ್ರೋಲಪ್ಪನೆಂದು ಹೆಸರಿಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಪಾಳೆಯಗಾರನ ಕಟ್ಟುಬಡಿಗಳಾಗಿದ್ದ ಬೇಡರ ಮನೆಗಳಲ್ಲಿ ಆ ಹೆಸರು ಎಷ್ಟು ಹಿತವಾಗಿ ಕೇಳಿಸಿತೋ ನಾವು ಊಹಿಸಬಹುದು.

ಪಾಳೆಯಗಾರನು ಹೋದ ಮೇಲೆ ದಾರಿ ಕಾಯುವವರಾರು, ಕಳ್ಳನನ್ನು ಹಿಡಿಯುವವರಾರು, ಹೊಲದ ಗಡಿಯ ಜಗಳ ತೀರಿಸುವವರಾರು? ಈ ಪ್ರಶ್ನೆಗೆ ಕಂಪೆನಿ ಸರ್ಕಾರದ ಬಳಿ ಎರಡು ಉತ್ತರಗಳಿದ್ದವು. ಮೊದಲನೆಯದು ಬಂಗಾಳದಿಂದ ಬಂದದ್ದು. ೧೮೦೨ರ ಶಾಸನಸಂಹಿತೆಯ ಪ್ರಕಾರ ಜಿಲ್ಲೆಗೊಬ್ಬ ನ್ಯಾಯಾಧೀಶ, ಅವನೇ ಮ್ಯಾಜಿಸ್ಟ್ರೇಟ್, ಅವನ ಕೈಕೆಳಗೆ ಸಂಬಳದ ದರೋಗರು. ಕಲೆಕ್ಟರನಿಗೆ ಕಂದಾಯ ಮಾತ್ರ. ಕಂದಾಯ ಎತ್ತುವವನು ನ್ಯಾಯ ಹೇಳಕೂಡದೆಂಬ ತತ್ತ್ವ ಇದರ ಹಿಂದಿತ್ತು. ದತ್ತಮಂಡಲಗಳಿಗೆ ಈ ಏರ್ಪಾಡು ಕೆಲವು ವರ್ಷ ತಡವಾಗಿ ಬಂದಿತು; ಬಂದಾಗಲೂ ಹೊರಗಿನಿಂದ ನೇಮಕವಾದ ದರೋಗನಿಗೆ ಊರೂ ತಿಳಿಯದು, ಊರಿನವರಿಗೆ ದರೋಗನೂ ಬೇಡ. ಕಾವಲುಗಾರರ ಹಳೆಯ ಹಕ್ಕುಗಳನ್ನು ತೆಗೆದುಹಾಕಿ ಅವರ ಜಾಗದಲ್ಲಿ ಬೆರಳೆಣಿಕೆಯ ಪೇದೆಗಳನ್ನು ನಿಲ್ಲಿಸಿದರೆ ಕಳ್ಳತನ ಹೆಚ್ಚುವುದರಲ್ಲಿ ಆಶ್ಚರ್ಯವೇನು?

ಎರಡನೆಯ ಉತ್ತರ ಮನ್ರೋನದು. ೧೮೦೭ರಲ್ಲಿ ಇಂಗ್ಲೆಂಡಿಗೆ ತೆರಳಿದ ಅವನು ೧೮೧೪ರಲ್ಲಿ ನ್ಯಾಯಾಡಳಿತವನ್ನು ತಿದ್ದುವ ಕಮಿಷನರನಾಗಿ ಹಿಂದಿರುಗಿದನು. ಅದರ ಫಲವೇ ೧೮೧೬ರ ಕಟ್ಟಳೆಗಳು. ನಾಲ್ಕನೆಯ ಕಟ್ಟಳೆ ಊರಿನ ಮುಖ್ಯಸ್ಥನನ್ನು ಗ್ರಾಮ ಮುನಸೀಫನನ್ನಾಗಿ ಮಾಡಿ, ಹತ್ತು ರೂಪಾಯಿ ಮೀರದ ಹಣಕಾಸಿನ ಮತ್ತು ಚರಸ್ವತ್ತಿನ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ಕೊಟ್ಟಿತು. ಉಭಯಪಕ್ಷಗಳೂ ಒಪ್ಪಿದರೆ ನೂರು ರೂಪಾಯಿಯವರೆಗೆ ಅವನು ಮಧ್ಯಸ್ಥನಾಗಬಹುದಿತ್ತು. ಐದನೆಯದು ಗ್ರಾಮ ಪಂಚಾಯತಿಗಳಿಗೆ ಸಂಬಂಧಿಸಿದ್ದು. ಒಂಬತ್ತನೆಯದು ಮ್ಯಾಜಿಸ್ಟ್ರೇಟನ ಅಧಿಕಾರವನ್ನು ನ್ಯಾಯಾಧೀಶನಿಂದ ಕಿತ್ತು ಕಲೆಕ್ಟರನಿಗೆ ಕೊಟ್ಟಿತು. ಹನ್ನೊಂದನೆಯದು ಪೋಲೀಸಿನದು. ದರೋಗರ ಏರ್ಪಾಡು ಇದರಿಂದ ರದ್ದಾಯಿತು. ಊರಿನಲ್ಲಿ ಗೌಡ ಅಥವಾ ರೆಡ್ಡಿ, ಅವನಿಗೆ ನೆರವಾಗಿ ಶಾನುಭೋಗ, ತಳವಾರ, ತೋಟಿ, ತಾಲ್ಲೂಕಿನಲ್ಲಿ ತಹಶೀಲ್ದಾರ, ಜಿಲ್ಲೆಯಲ್ಲಿ ಕಲೆಕ್ಟರ್. ಕಂದಾಯದ ಏಣಿಯ ಮೆಟ್ಟಿಲುಗಳೇ ಪೋಲೀಸಿನ ಏಣಿಯ ಮೆಟ್ಟಿಲುಗಳೂ ಆದವು.

ದೇಶೀಯ ಸಂಸ್ಥೆಗಳನ್ನು ಪುನರುಜ್ಜೀವಿಸುವುದೇ ತನ್ನ ಉದ್ದೇಶವೆಂದು ಮನ್ರೋ ನಂಬಿದ್ದನು. ಆ ನಂಬಿಕೆಯ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಪುನರುಜ್ಜೀವಿತವಾದದ್ದು ಯಾವುದು? ಪಂಚಾಯತಿಯ ಕಟ್ಟಳೆ ಬಹುಬೇಗ ಕಾಗದದಲ್ಲಿಯೇ ಉಳಿಯಿತು. ಪಂಚರಿಗೆ ಸಂಬಳವಿಲ್ಲ, ಕುಳಿತುಕೊಳ್ಳಲೇಬೇಕೆಂಬ ಬಲವಂತವಿಲ್ಲ. ತೀರ್ಪಿನ ಮೇಲೆ ಪಕ್ಷಪಾತದ ಆರೋಪ ಬಂದರೆ ಜಿಲ್ಲಾ ನ್ಯಾಯಾಲಯಕ್ಕೆ ಅಲೆಯುವ ಭಯ ಬೇರೆ. ಹೀಗಾಗಿ ಐವರ ಸಭೆ ಹಿಂದೆ ಸರಿಯಿತು, ಒಬ್ಬ ಗೌಡ ಮುಂದೆ ಬಂದನು. ಹಿಂದೆಯೂ ಗೌಡನಿದ್ದನು, ನಿಜ. ಆದರೆ ಅವನ ಮೇಲೆ ಪಾಳೆಯಗಾರನಿದ್ದನು, ಪಕ್ಕದಲ್ಲಿ ಊರ ಹಿರಿಯರಿದ್ದರು, ಮಠದ ಮಾತಿಗೂ ಬೆಲೆಯಿತ್ತು. ೧೮೧೬ರ ನಂತರ ಅವನ ಮಾತಿನ ಹಿಂದೆ ನಿಂತದ್ದು ಬಳ್ಳಾರಿಯ ಕಲೆಕ್ಟರನ ಮೊಹರು.

ಹನ್ನೊಂದನೆಯ ಕಟ್ಟಳೆಯ ಹತ್ತನೆಯ ಪ್ರಕರಣವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕು. ಬೈಗುಳ, ಸಣ್ಣ ಹೊಡೆದಾಟಗಳಂಥ ಕ್ಷುಲ್ಲಕ ಅಪರಾಧಗಳಿಗೆ ಊರ ಮುಖ್ಯಸ್ಥನು ತಪ್ಪಿತಸ್ಥನನ್ನು ಹನ್ನೆರಡು ಗಂಟೆ ಮೀರದಂತೆ ಚಾವಡಿಯಲ್ಲಿ ಕೂಡಿಹಾಕಬಹುದು. ಆದರೆ ತಪ್ಪಿತಸ್ಥನು ಕೆಳಜಾತಿಯವನಾಗಿದ್ದು, ಅಂಥ ಹೀನಾಯವಾದ ಶಿಕ್ಷೆ ಅವನಿಗೆ ಅನುಚಿತವಲ್ಲವೆಂದು ತೋರಿದರೆ, ಆರು ಗಂಟೆ ಮೀರದಂತೆ ಕೋಳಕ್ಕೆ ಹಾಕಬಹುದು. ಶಿಕ್ಷೆ ಹೀನಾಯವೆಂಬುದನ್ನು ಶಾಸನವೇ ಒಪ್ಪಿಕೊಂಡು, ಆ ಹೀನಾಯವನ್ನು ಹೊರಬೇಕಾದವರು ಯಾರೆಂಬುದನ್ನು ಜಾತಿಯಿಂದ ಗೊತ್ತುಮಾಡಿತು. ಒಂದೇ ಬೈಗುಳಕ್ಕೆ ಒಬ್ಬನು ಚಾವಡಿಯ ನೆರಳಿನಲ್ಲಿ ಕುಳಿತಿರುವನು. ಇನ್ನೊಬ್ಬನು ಮರದ ತೊಲೆಯ ತೂತಿನಲ್ಲಿ ಕಾಲು ಸಿಕ್ಕಿಸಿಕೊಂಡು ಬೀದಿಯವರ ಕಣ್ಣಿಗೆ ಗುರಿಯಾಗಿರುವನು.

ಇದು ಊರಿನ ಹಳೆಯ ವಾಡಿಕೆಯೇ ಅಲ್ಲವೇ, ಸರ್ಕಾರ ಅದನ್ನು ಬರೆದಿಟ್ಟಿತಷ್ಟೆ ಎಂದು ವಾದಿಸುವವರುಂಟು. ಜಾತಿ ನೋಡಿ ದಂಡಿಸುವುದು ಹಳೆಯದೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ವಾಡಿಕೆ ಊರಿನಿಂದ ಊರಿಗೆ ಬದಲಾಗುತ್ತದೆ, ಸಡಿಲವಾಗುತ್ತದೆ, ಕೆಲವೆಡೆ ಮರೆತೂ ಹೋಗುತ್ತದೆ. ಮುದ್ರಿತ ಶಾಸನ ಹಾಗೆ ಮರೆಯುವುದಿಲ್ಲ. ಈ ಪ್ರಕರಣ ೧೮೬೦ರ ದಂಡಸಂಹಿತೆಯನ್ನೂ ದಾಟಿ, ಇಪ್ಪತ್ತನೆಯ ಶತಮಾನ ಹುಟ್ಟಿದಾಗಲೂ ಮದರಾಸಿನ ಶಾಸನಪುಸ್ತಕದಲ್ಲಿತ್ತು. ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಸಂಹಿತೆಯು ತನ್ನ ವ್ಯಾಪ್ತಿಯಿಂದ ಮದರಾಸು ಆಧಿಪತ್ಯದ ಗ್ರಾಮಮುಖ್ಯಸ್ಥರನ್ನು ಹೊರಗಿಟ್ಟಿತ್ತು. ಮೇಲಾಗಿ ೧೮೨೧ರ ನಾಲ್ಕನೆಯ ಕಟ್ಟಳೆ ಸಣ್ಣ ಕಳ್ಳತನಗಳನ್ನೂ ಗೌಡನ ಕೈಗೆ ಒಪ್ಪಿಸಿತ್ತು.

ಇಷ್ಟೆಲ್ಲ ಅಧಿಕಾರ ಪಡೆದ ಗೌಡನ ಸ್ಥಿತಿಯಾದರೂ ಸುಖದ್ದೆಂದು ಹೇಳುವಂತಿಲ್ಲ. ಮನ್ರೋ ಹೋದ ಬಳಿಕ ೧೮೦೯ರಿಂದ ಮೂರು ವರ್ಷದ, ಅನಂತರ ಹತ್ತು ವರ್ಷದ ಗ್ರಾಮಗುತ್ತಿಗೆಯನ್ನು ಸರ್ಕಾರ ಜಾರಿಗೆ ತಂದಿತ್ತು. ಇಡೀ ಊರಿನ ಕಂದಾಯಕ್ಕೆ ಒಬ್ಬನು ಹೊಣೆ. ಬಹುಮಟ್ಟಿಗೆ ಆ ಒಬ್ಬನು ಊರ ಗೌಡನೇ. ಮನ್ರೋನ ಕಂದಾಯ ಹೆಚ್ಚೆಂದು ಮನ್ರೋನೇ ಒಪ್ಪಿ ಶೇಕಡ ೨೫ರಷ್ಟು ಇಳಿಸಬೇಕೆಂದು ೧೮೦೭ರಲ್ಲಿ ಸೂಚಿಸಿದ್ದನು. ಸರ್ಕಾರ ಆಗ ಕೇಳಲಿಲ್ಲ. ಆ ಭಾರದ ಕಂದಾಯವನ್ನು ಹೊತ್ತ ಗುತ್ತಿಗೆದಾರರಲ್ಲಿ ಅನೇಕರು ದಿವಾಳಿಯಾದರು. ೧೮೨೦ರಲ್ಲಿ ಮನ್ರೋ ಗವರ್ನರನಾದ ಮೇಲೆ ರೈತವಾರಿ ಪದ್ಧತಿ ಹಿಂದಿರುಗಿ, ಕಂದಾಯವೂ ಇಳಿಯಿತು. ಅಂದರೆ ೧೮೧೬ರ ಕಟ್ಟಳೆಗಳು ಈ ಊರುಗಳಿಗೆ ಬಂದಾಗ, ಸಾಲದಲ್ಲಿ ಮುಳುಗಿದ ಗುತ್ತಿಗೆದಾರನೇ ಪೋಲೀಸಿನವನೂ ನ್ಯಾಯ ಹೇಳುವವನೂ ಆಗಿದ್ದನು. ಬಾಕಿ ಕೊಡದ ರೈತನೂ ತಪ್ಪು ಮಾಡಿದ ರೈತನೂ ಅವನ ಕಣ್ಣಿಗೆ ಬೇರೆಬೇರೆಯಾಗಿ ಕಂಡಿರಲಾರರು.

ಈ ಗೊಂದಲದ ಫಲ ೧೮೫೫ರಲ್ಲಿ ಬಯಲಿಗೆ ಬಂದಿತು. ಆ ವರ್ಷ ಮದರಾಸು ಆಧಿಪತ್ಯದಲ್ಲಿ ಚಿತ್ರಹಿಂಸೆಯ ಆರೋಪಗಳನ್ನು ವಿಚಾರಿಸಿದ ಆಯೋಗದಲ್ಲಿ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರಿದ್ದರು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಒಂದೇ ಬಗೆಯ ಹಿಂಸೆಗಳು ಬಳಕೆಯಲ್ಲಿದ್ದುವೆಂದು ಅವರು ಕಂಡರು. ಬೆರಳುಗಳನ್ನು ಎರಡು ಕೋಲುಗಳ ನಡುವೆ ಅದುಮುವ ಕಿಟ್ಟಿ, ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಇವು ಅವರ ವರದಿಯಲ್ಲಿ ಮತ್ತೆಮತ್ತೆ ಬರುತ್ತವೆ. ಮಾಡುತ್ತಿದ್ದವರು ದೇಶೀಯ ಸಿಬ್ಬಂದಿ; ತಡೆಯಬೇಕಾದ ಕಲೆಕ್ಟರನು ಮ್ಯಾಜಿಸ್ಟ್ರೇಟನೂ ಆಗಿದ್ದು, ದೂರುವವನು ಹೋಗಬೇಕಾದದ್ದು ಅದೇ ಕಚೇರಿಗೆ. ತಪ್ಪನ್ನೆಲ್ಲ ಕೆಳಗಿನ ನೌಕರರ ಶೀಲದ ಮೇಲೆ ಹೊರಿಸುವ ಪ್ರವೃತ್ತಿ ಆ ಕಾಲದ ಬರಹಗಳಲ್ಲಿ ಸಾಮಾನ್ಯ. ಎರಡು ಅಧಿಕಾರಗಳನ್ನು ಒಂದೇ ಕೈಯಲ್ಲಿಟ್ಟ ಒಂಬತ್ತನೆಯ ಮತ್ತು ಹನ್ನೊಂದನೆಯ ಕಟ್ಟಳೆಗಳ ಪಾಲು ಇದರಲ್ಲಿ ಅದಕ್ಕಿಂತ ದೊಡ್ಡದೆಂದು ನಾವು ಭಾವಿಸುತ್ತೇವೆ. ಸರ್ಕಾರವೂ ಕೊನೆಗೆ ಅದನ್ನು ಅರ್ಧ ಒಪ್ಪಿ, ೧೮೫೯ರ ಇಪ್ಪತ್ತನಾಲ್ಕನೆಯ ಆಕ್ಟಿನಿಂದ ಸಂಬಳದ ಪೋಲೀಸ್ ಪಡೆಯೊಂದನ್ನು ಪ್ರತ್ಯೇಕವಾಗಿ ಕಟ್ಟಿತು.

ಅಷ್ಟರಲ್ಲಿ ಹೊಳೆಯಾಚೆ ೧೮೫೮ರ ದಂಗೆ ನಡೆದುಹೋಗಿತ್ತು. ಮುಂಡರಗಿಯ ಭೀಮರಾಯನು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿ ತಹಶೀಲ್ದಾರನಾಗಿದ್ದು ಕೆಲಸ ಕಳೆದುಕೊಂಡಿದ್ದವನು; ೧೮೧೬ರ ಏರ್ಪಾಡಿನಲ್ಲಿ ತಾಲ್ಲೂಕಿನ ಪೋಲೀಸೂ ಕಂದಾಯವೂ ಒಂದೇ ಕೈಯಲ್ಲಿರುವುದನ್ನು ಒಳಗಿನಿಂದ ಬಲ್ಲವನು. ೧೮೫೭ರ ನಿಶ್ಶಸ್ತ್ರೀಕರಣದ ಶಾಸನವೇ ಹಲಗಲಿಯ ಬೇಡರಂತೆ ಈ ಕಡೆಯವರನ್ನೂ ಕೆರಳಿಸಿತು. ಮೇ ತಿಂಗಳಲ್ಲಿ ಡಂಬಳದ ಮೇಲೆ ಬಿದ್ದು, ಕೊಪ್ಪಳದ ಕೋಟೆಯಲ್ಲಿ ನಿಂತು, ಅಲ್ಲಿಯೇ ಅವನು ಮಡಿದನು. ಹೊಳೆಯ ಈಚೆಯ ಹಡಗಲಿ ಸೀಮೆಯಲ್ಲಿ ಆಯುಧ ಕಳೆಯುವ ಕೆಲಸ ಮನ್ರೋನ ಕಾಲದಲ್ಲಿಯೇ ಬಹುಮಟ್ಟಿಗೆ ಮುಗಿದಿತ್ತೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ಸ್ಥಳೀಯ ಸ್ವಯಮಾಡಳಿತದ ಶಾಸನಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೭೧ರ ಲೋಕಲ್ ಫಂಡ್ ಆಕ್ಟಿನಂತೆ ರಸ್ತೆ, ಶಾಲೆ, ಔಷಧಾಲಯಗಳಿಗಾಗಿ ಕಂದಾಯದ ಮೇಲೆ ಸೆಸ್ಸು ಬಂದಿತು. ಮಂಡಲಿಯ ಅಧ್ಯಕ್ಷನು ಕಲೆಕ್ಟರನೇ. ೧೮೮೪ರ ಐದನೆಯ ಆಕ್ಟು ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಎಂಬ ಮೂರು ಹಂತಗಳನ್ನು ಏರ್ಪಡಿಸಿತು. ಯೂನಿಯನ್ನಿನ ಪಂಚಾಯತಿಯಲ್ಲಿ ಊರ ಮುಖ್ಯಸ್ಥನು ಪದನಿಮಿತ್ತ ಸದಸ್ಯ. ೧೮೮೯ರ ಗ್ರಾಮ ನ್ಯಾಯಾಲಯಗಳ ಆಕ್ಟಿನಲ್ಲಿಯೂ ಅವನೇ ಮುನಸೀಫ. ಹೊಸ ಶಾಸನ ಬಂದಾಗಲೆಲ್ಲ ೧೮೧೬ರ ಗೌಡನಿಗೆ ಒಂದು ಹೊಸ ಕುರ್ಚಿ ಸಿಕ್ಕಿತು. ಹಳೆಯದನ್ನು ಬಿಡುವ ಪ್ರಮೇಯ ಬರಲಿಲ್ಲ.

ಅವನನ್ನು ಕದಲಿಸದಂತೆ ಮಾಡಿದ್ದು ೧೮೩೧ರ ಆರನೆಯ ಕಟ್ಟಳೆ. ವಂಶಪಾರಂಪರ್ಯದ ಗ್ರಾಮಪದವಿಗಳ ವ್ಯಾಜ್ಯಗಳನ್ನು ಅದು ನ್ಯಾಯಾಲಯಗಳಿಂದ ತೆಗೆದು ಕಲೆಕ್ಟರನಿಗೆ ಒಪ್ಪಿಸಿತು. ಅದರ ಸ್ಥಾನದಲ್ಲಿ ಬಂದ ೧೮೯೫ರ ಮೂರನೆಯ ಆಕ್ಟು ಅದೇ ತತ್ತ್ವವನ್ನು ಮುಂದುವರಿಸಿತು. ಹುಟ್ಟಿನಿಂದ ಪದವಿ ಬರುವ ಈ ನಿಯಮವು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು ೧೯೬೦ರಲ್ಲಿ, ಆಂಧ್ರದ ಗಾಜುಲ ದಶರಥರಾಮರಾವ್ ಮೊಕದ್ದಮೆಯಲ್ಲಿ. ೧೯೬೧ರಲ್ಲಿ ಮೈಸೂರು ಶಾಸನಸಭೆ ಗ್ರಾಮಪದವಿಗಳ ರದ್ದಿಯಾತಿಯ ಕಾಯಿದೆಯನ್ನು ಅಂಗೀಕರಿಸಿತು. ೧೯೬೩ರ ಫೆಬ್ರುವರಿ ೧ರಂದು ಅದು ಜಾರಿಗೆ ಬಂದು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಗೌಡ, ಶಾನುಭೋಗ, ತಳವಾರ, ತೋಟಿಗಳ ಪದವಿಗಳು ಒಂದೇ ದಿನ ಕೊನೆಗೊಂಡವು. ಪದವಿಗೆ ಅಂಟಿಕೊಂಡಿದ್ದ ಇನಾಂ ಜಮೀನುಗಳನ್ನು ಹಳೆಯ ಪದವೀಧರರಿಗೆ ಪುನಃ ಮಂಜೂರು ಮಾಡುವ ಕ್ರಮವೂ ಆ ಕಾಯಿದೆಯಲ್ಲಿಯೇ ಇತ್ತು. ಬಡ ತಳವಾರನೂ ತೋಟಿಯೂ ಹೀಗೆ ಪಡೆದ ತುಂಡುಭೂಮಿಯನ್ನು ಮಾರಿಕೊಳ್ಳುವುದನ್ನು ಕಂಡು, ೧೯೭೮ರ ತಿದ್ದುಪಡಿಯಿಂದ ಹದಿನೈದು ವರ್ಷ ಪರಭಾರೆಯನ್ನು ನಿಷೇಧಿಸಲಾಯಿತು. ಆ ಜಮೀನುಗಳ ವ್ಯಾಜ್ಯಗಳು ಅನಂತರವೂ ದೀರ್ಘಕಾಲ ನಡೆದುವು.