ಬೆತ್ಲೆಹೇಮಿನಿಂದ ಬಾಡದವರೆಗೆ: ಧಾರವಾಡ ಸೀಮೆಯಲ್ಲಿ ಕ್ರಿಸ್ತಕೃಪೆಯ ಚಿಂತನೆ

ಶಿಗ್ಗಾಂವ ತಾಲ್ಲೂಕಿನಲ್ಲಿ ಬಾಡ ಎಂಬ ಊರಿದೆ. ಕನಕದಾಸರು ಹುಟ್ಟಿದ್ದು ಅಲ್ಲಿ. ಅದೇ ತಾಲ್ಲೂಕಿನ ಶಿಶುವಿನಹಾಳದಲ್ಲಿ ಶರೀಫರು ಬಾಳಿದರು. ಹಿರೇಕೆರೂರ ಕಡೆ ಹೊರಳಿದರೆ ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಮಾಸೂರು, ಅಬಲೂರು. ದೇವರ ಕರುಣೆಯ ಮಾತು ಈ ಕಡೆಯ ಜನಕ್ಕೆ ಯಾರೂ ಹೊಸದಾಗಿ ತಂದುಕೊಡಬೇಕಾದದ್ದಾಗಿರಲಿಲ್ಲ. ಕನಕದಾಸರ ಹರಿಭಕ್ತಿಸಾರದಲ್ಲಿ ಪದ್ಯದ ಮೇಲೆ ಪದ್ಯ ‘ನಮ್ಮನ್ನು ಕಾಪಾಡು’ ಎಂಬ ಮೊರೆಯಲ್ಲಿಯೇ ನಿಲ್ಲುತ್ತದೆ. ಕುಲ, ಪುಣ್ಯ, ವಿದ್ಯೆ ಯಾವುದನ್ನೂ ಮುಂದಿಡದೆ ಬರಿಗೈಯಲ್ಲಿ ನಿಂತು ಬೇಡುವ ಭಕ್ತ ಇಲ್ಲಿ ಮೊದಲಿನಿಂದಲೂ ಇದ್ದ. ಹೀಗಿರುವಾಗ, ಕೃಪೆಯೊಂದರಿಂದಲೇ ರಕ್ಷಣೆ ಎಂದು ಸಾರಲು ಬಂದ ಪಾದ್ರಿ ಇವರಿಗೆ ಹೇಳಬೇಕಾದದ್ದು ಏನು ಉಳಿದಿತ್ತು? ಕನ್ನಡದ ಕ್ರೈಸ್ತ ಚಿಂತನೆಯ ಕಥೆಯನ್ನು ಈ ಒಂದು ತೊಡಕಿನ ಸುತ್ತ ಹೇಳುವುದೇ ಸರಿಯೆಂದು ನನ್ನ ಎಣಿಕೆ.

ಶುರು ಇಲ್ಲಿಯದಲ್ಲ. 1649ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶ ಬರೆದ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆ ನಿಂತ. ಅವನ ಮತ್ತು ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಇದು ದೊಡ್ಡ ಕೆಲಸ. ಆದರೆ ಗ್ರಂಥ ಸಿಕ್ಕಿದ ಮಾತ್ರಕ್ಕೆ ಚಿಂತನೆ ಹುಟ್ಟುವುದಿಲ್ಲ.

ನಮ್ಮ ಸೀಮೆಯ ಮಟ್ಟಿಗೆ ಕಥೆ ಬಾಸೆಲ್ ಮಿಷನ್ನಿನದು. 1834ರಲ್ಲಿ ಮಂಗಳೂರಿಗೆ ಬಂದಿಳಿದವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ತಲುಪಿದರು. ಇವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಭಕ್ತಿಪಂಥದ ಮನೆಗಳಿಂದ ಬಂದವರು. ಅವರಿಗೆ ಧರ್ಮವೆಂದರೆ ಮೊದಲು ಒಳಗಿನ ನೋವು: ತಾನು ಪಾಪಿ ಎಂಬ ಅರಿವು, ಪಶ್ಚಾತ್ತಾಪ, ಆಮೇಲೆ ಹೊಸ ಹುಟ್ಟು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಅವರು ಮಾಡಿದ ಉಪದೇಶದ ಮೊದಲ ಅರ್ಧವೆಲ್ಲ ಪಾಪದ ಮಾತು. ಕೇಳುವವರು ಕೇಳಿದ್ದು ಬೇರೆ.

ಇದಕ್ಕೆ ಕಾಲಜ್ಞಾನದವರ ಪ್ರಸಂಗಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತ, ಲಿಂಗಾಯತ ಪರಂಪರೆಯ ಅಂಚಿನಲ್ಲಿ, ಕಾಲಜ್ಞಾನದ ಗ್ರಂಥಗಳನ್ನು ನಂಬಿಕೊಂಡ ಒಂದು ಪಂಗಡವಿತ್ತು. ಪಶ್ಚಿಮದಿಂದ ಗುರುಗಳು ಬರುತ್ತಾರೆ, ಹೊಸ ಕಾಲ ತೆರೆಯುತ್ತದೆ ಎಂಬ ಭವಿಷ್ಯ ಅವರಲ್ಲಿ ಬಾಯಿಂದ ಬಾಯಿಗೆ ಹರಿದಿತ್ತು. ಬಿಳಿಯ ಪಾದ್ರಿಗಳನ್ನು ಕಂಡು ಇವರೇ ಅವರಿರಬೇಕೆಂದು ಹತ್ತಿರ ಬಂದರು. ಪಾದ್ರಿಗಳು ಹಿಗ್ಗಿದರು, ಸಾವಿರಗಟ್ಟಲೆ ಜನ ಬರುವ ಕನಸು ಕಂಡು ಗದಗದ ಹತ್ತಿರದ ಮಲ್ಲಸಮುದ್ರದಲ್ಲಿ ಒಂದು ನೆಲೆಯನ್ನೇ ಕಟ್ಟಲು ಹೊರಟರು. ಬಂದವರು ಬೆರಳೆಣಿಕೆ. ಒಬ್ಬರು ಪಾಪದಿಂದ ಬಿಡುಗಡೆ ಎಂದರು, ಇನ್ನೊಬ್ಬರು ಬರಲಿರುವ ಒಳ್ಳೆಯ ಕಾಲ ಎಂದುಕೊಂಡರು. ಮಿಷನ್ನಿನ ಇತಿಹಾಸದಲ್ಲಿ ಇದನ್ನು ಸೋಲೆಂದು ಬರೆಯುವುದು ವಾಡಿಕೆ. ನನಗೆ ಹಾಗನಿಸುವುದಿಲ್ಲ. ರಕ್ಷಣೆಯೆಂಬುದು ಸತ್ತ ಮೇಲಿನ ಮಾತೋ, ಈ ನೆಲದ ಮೇಲಿನದೋ ಎಂಬ ಜಗಳ ಈ ಭಾಗದಲ್ಲಿ ಮೊದಲು ಎದ್ದದ್ದು ಅಲ್ಲಿ. ನೂರ ನಲವತ್ತು ವರ್ಷಗಳ ಮೇಲೆ ಸೆಮಿನರಿಗಳಲ್ಲಿ ಮತ್ತೆ ಎದ್ದದ್ದೂ ಅದೇ ಜಗಳ.

ಈ ಪೆಟ್ಟಿನ ನಂತರ ಪಾದ್ರಿಗಳಲ್ಲಿ ಕೆಲವರು ಬಾಯಿ ಮುಚ್ಚಿ ಕಿವಿ ತೆರೆದರು. ಹರ್ಮನ್ ಮೋಗ್ಲಿಂಗ್ ಎಂದರೆ ನಮಗೆ 1843ರ ‘ಮಂಗಳೂರು ಸಮಾಚಾರ’ ಪತ್ರಿಕೆ ನೆನಪಾಗುತ್ತದೆ. ಈ ಲೇಖನಕ್ಕೆ ಮುಖ್ಯವಾದದ್ದು, ಅವನು ದಾಸರ ಪದಗಳನ್ನು ಕಲೆಹಾಕಿ 1850ರ ಹೊತ್ತಿಗೆ ಅಚ್ಚು ಹಾಕಿಸಿದ್ದು, ಆಮೇಲೆ ಅವುಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ಒಯ್ದದ್ದು. ಕ್ರಿಸ್ತನ ಕೃಪೆಯನ್ನು ಸಾರಬೇಕಾದವನು ಹರಿಯ ಕೃಪೆಯ ಹಾಡುಗಳನ್ನು ಅಚ್ಚಿಗೆ ಕೊಟ್ಟ! ಎದುರಾಳಿಯ ಬಲ ತಿಳಿಯಲೆಂದು ಈ ಕೆಲಸಕ್ಕೆ ಕೈಹಾಕಿದನೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಎದುರಾಳಿಯ ಹಾಡನ್ನು ತನ್ನ ತಾಯ್ನುಡಿಯಲ್ಲಿ ಹಾಡಿಸುವಷ್ಟು ದೂರ ಯಾರೂ ಬರೀ ಹಗೆಯಿಂದ ಹೋಗುವುದಿಲ್ಲ.

ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದ. 1894ರ ನಿಘಂಟಿನ ನೆರಳಲ್ಲಿ ಅವನ ಧಾರ್ಮಿಕ ಬರಹ ಮರೆಯಾಗಿಬಿಟ್ಟಿದೆ. 1862ರ ‘ಕಥಾಮಾಲೆ’ಯಲ್ಲಿ ಅವನು ಯೇಸುವಿನ ಬದುಕನ್ನು ನಮ್ಮ ಛಂದಸ್ಸಿಗೆ ಇಳಿಸಿದ. ‘ಯಜ್ಞಸುಧಾನಿಧಿ’ಯಲ್ಲಿ ವೇದದ ಯಜ್ಞವನ್ನು ಹಿಡಿದು ಶಿಲುಬೆಯ ಬಲಿಯತ್ತ ನಡೆದ. ಮೊದಲನೆಯದು ಕವಿತೆಯಾಗಿ ಬಹಳ ಎತ್ತರದ್ದಲ್ಲ. ಆದರೂ ಕೃಪೆಯ ಕಥೆಯನ್ನು ಓದಿ ಬಿಡುವುದಲ್ಲ, ಗಮಕದಂತೆ ಹಾಡಿ ಕೇಳುವುದು ಈ ಜನರ ರೂಢಿ ಎಂಬುದನ್ನು ಅವನು ಹಿಡಿದಿದ್ದ. ಇದೇ ದಶಕಗಳಲ್ಲಿ, ಹುಬ್ಬಳ್ಳಿಯಿಂದ ಒಂದು ದಿನದ ಹಾದಿಯಷ್ಟು ದೂರದ ಶಿಶುವಿನಹಾಳದಲ್ಲಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ ಶರೀಫರು ಗುರುಕರುಣೆಯ ತತ್ವಪದ ಹಾಡುತ್ತಿದ್ದರು. ಅವರು 1819ರಿಂದ 1889ರವರೆಗೆ ಬದುಕಿದವರು, ಅಂದರೆ ಪಾದ್ರಿಗಳ ಸಮಕಾಲೀನರು. ಜಾತಿಮತದ ಗೋಡೆ ದಾಟಿ ಮುಸಲ್ಮಾನ ಶಿಷ್ಯನನ್ನು ಅಪ್ಪಿಕೊಂಡ ಬ್ರಾಹ್ಮಣ ಗುರುವಿನ ಕಥೆ, ಯೋಗ್ಯತೆ ನೋಡದೆ ಒಲಿಯುವ ದೇವರ ಕಥೆಗೆ ಎಷ್ಟು ಹತ್ತಿರ!

1876-78ರ ಬರ ಎಲ್ಲ ವಾದವನ್ನೂ ಬದಿಗೆ ತಳ್ಳಿತು. ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಜನ ಹಸಿವಿನಿಂದ ಸತ್ತರು. ಮಿಷನ್ನಿನವರು ಗಂಜಿ ಹಾಕಿದರು, ಅನಾಥ ಮಕ್ಕಳನ್ನು ಸಾಕಿದರು. ಈ ಭಾಗದ ಎಷ್ಟೋ ಕ್ರೈಸ್ತ ಮನೆತನಗಳಿಗೆ ದೇವರ ಪ್ರೀತಿ ಮೊದಲು ಮುಟ್ಟಿದ್ದು ಹೊಟ್ಟೆಯನ್ನು, ಆಮೇಲೆ ಕಿವಿಯನ್ನು. ‘ಗಂಜಿ ಕ್ರೈಸ್ತರು’ ಎಂಬ ಹಂಗಿಸುವ ಮಾತು ಇಂಥ ಕಡೆಯೆಲ್ಲ ಕೇಳಿಬರುತ್ತದೆ. ಹಸಿದವನಿಗೆ ಅನ್ನ ಕೊಟ್ಟದ್ದು ಧರ್ಮವೋ ಆಮಿಷವೋ ಎಂಬ ಸಂಶಯ ಅಂದಿನಿಂದ ಈ ಚಿಂತನೆಯ ಬೆನ್ನು ಬಿಟ್ಟಿಲ್ಲ.

ಇಲ್ಲಿಯವರೆಗೆ ಮಾತನಾಡಿದವರು ಹೊರಗಿನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರೊಂದಿಗೆ ಮಾತು ಒಳಗಿನದಾಯಿತು. ಬಾಸೆಲ್ ಮಿಷನ್ನಿನ ಪಾಸ್ಟರರಾಗಿದ್ದ ಇವರು ‘ತಿರುಳ್ಗನ್ನಡದ ತಿರುಕ’ ಎಂದು ತಮ್ಮನ್ನು ಕರೆದುಕೊಂಡವರು. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಯಿಂದಲೂ ಜನರ ಬಾಯಿಂದಲೂ ಕೂಡಿಸಿ 1924ರಲ್ಲಿ ಹೊರತಂದರು. ಮಾಸೂರಿನ ತಿರುಕನನ್ನು ನಾಡಿಗೆ ಮರಳಿಸಿದ್ದು ಒಬ್ಬ ಕ್ರೈಸ್ತ ಪಾಸ್ಟರ್ ಎಂಬುದು ಹಿರೇಕೆರೂರಿನವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ.

ಉತ್ತಂಗಿಯವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬಂದದ್ದು 1921ರಲ್ಲಿ. ಹೆಸರಿನಲ್ಲಿಯೇ ಅವರ ನಿಲುವಿದೆ: ಬೆತ್ಲೆಹೇಮು ಅಪ್ಪಣೆ ಮಾಡುತ್ತಿಲ್ಲ, ಕೈಮುಗಿದು ಕೇಳುತ್ತಿದೆ. ಹಿಂದೂ ಪರಂಪರೆಯನ್ನು ಕೆಡವಿ ಅಲ್ಲ, ಅದರ ಒಳಗಿಂದಲೇ ಕ್ರಿಸ್ತನನ್ನು ಅರಿಯಬಹುದು ಎಂಬುದು ಅವರ ವಾದ. ಶರಣರ ವಚನಗಳ ಕಡೆಗೆ ಅವರು ತಿರುಗಿದ್ದೂ ಈ ದಾರಿಯಲ್ಲೇ. ಮೋಳಿಗೆ ಮಾರಯ್ಯ, ಸಿದ್ಧರಾಮರ ಸಾಹಿತ್ಯವನ್ನು ಸಂಪಾದಿಸಿದರು. ಶರಣರು ಕೂಡುತ್ತಿದ್ದರೆನ್ನುವ ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ವಿವಾದದಲ್ಲಿ ಇತ್ತೆಂದು ನಿಂತು ಗ್ರಂಥ ಬರೆದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡಿಸಿತು. ಅವರಿಗೆ ಕೃಪೆ ಯಾವ ಒಂದು ಸಭೆಯ ಬೀಗದ ಕೈಯೂ ಅಲ್ಲ. ಕ್ರಿಸ್ತನ ಹೆಸರು ಕೇಳುವ ಮೊದಲೇ ಅದು ಕಲ್ಯಾಣದಲ್ಲಿ ಓಡಾಡಿತ್ತು. ಇಂಥ ಮಾತು ಮಠಕ್ಕೂ ಚರ್ಚಿಗೂ ಸುಲಭವಾಗಿ ಜೀರ್ಣವಾಗುವಂಥದಲ್ಲ. 1962ರಲ್ಲಿ ಅವರು ತೀರಿಕೊಂಡರು. ಲಿಂಗಾಯತ ಧರ್ಮವನ್ನೂ ಕ್ರೈಸ್ತ ಧರ್ಮವನ್ನೂ ಎದುರುಬದುರು ಕೂಡಿಸುವ ಅವರ ಗ್ರಂಥ ಅಚ್ಚಾದದ್ದು ಆಮೇಲೆ. ಕನ್ನಡದಲ್ಲಿ ಈ ವಿಷಯ ತಲುಪಿದ ಎತ್ತರ ಅದೇ ಎಂದು ನಾನು ತಿಳಿದಿದ್ದೇನೆ.

ಕ್ರೈಸ್ತರಲ್ಲದವರೂ ಶಿಲುಬೆಯ ಬುಡಕ್ಕೆ ಬಂದರು. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ 1930ರ ದಶಕದ ಖಂಡಕಾವ್ಯ. ಯೇಸುವಿನ ಕೊನೆಯ ಗಳಿಗೆಗಳನ್ನು ಅಷ್ಟು ಬಿಗಿಯಾಗಿ ಹಿಡಿದ ಬರಹವನ್ನು ಕನ್ನಡ ಕ್ರೈಸ್ತರೇ ಬರೆಯಲಿಲ್ಲ.

ಸ್ವಾತಂತ್ರ್ಯದ ನಂತರ ಚಿಂತನೆ ಸೆಮಿನರಿಗಳಿಗೆ, ಅದರೊಂದಿಗೆ ಇಂಗ್ಲಿಷಿಗೆ ಹೊರಟುಹೋಯಿತು. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಜಿನೀವಾದ ವಿಶ್ವ ಚರ್ಚುಗಳ ಮಂಡಳಿಯ ಸಂವಾದ ವಿಭಾಗವನ್ನು ವಹಿಸಿಕೊಂಡು, ಉತ್ತಂಗಿಯವರ ಪ್ರಶ್ನೆಯನ್ನು ಜಗತ್ತಿನ ವೇದಿಕೆಗೆ ಏರಿಸಿದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರಕ್ಕೆ ದಾರಿ ತೆರೆಯಿತು. ಸಭೆಯೊಳಗೂ ಜಾತಿ ಕುಳಿತಿರುವಾಗ ಪಾಪಕ್ಷಮೆಯ ಮಾತು ಯಾರಿಗೆ, ತುಳಿದವನಿಗೋ ತುಳಿಸಿಕೊಂಡವನಿಗೋ? ಇತ್ತ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಕ್ಯಾಥೊಲಿಕರ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ಊರಿನ ಪ್ರಾರ್ಥನಾ ಕೂಟಗಳಲ್ಲಾದರೋ ಈಗ ಕೇಳುವುದು ರೋಗ, ಸಾಲ, ಕುಡಿತದಿಂದ ಬಿಡುಗಡೆಯ ಸಾಕ್ಷಿಗಳು. ಪುಸ್ತಕದಂಗಡಿಯ ಕನ್ನಡ ಕ್ರೈಸ್ತ ಬರಹದಲ್ಲಿ ಬಹುಪಾಲು ಹೊರಗಿನ ಉಪದೇಶಗಳ ಸಪ್ಪೆ ಅನುವಾದ. ಕೂಟದಲ್ಲಿ ಎದ್ದು ನಿಂತ ಹೆಣ್ಣುಮಗಳ ಮಾತಿನಲ್ಲಿ ಇರುವ ಕಸುವು ಅದಕ್ಕಿಲ್ಲ.

ಧರ್ಮವೋ ಆಮಿಷವೋ ಎಂಬ ಬರಗಾಲದ ಸಂಶಯ ಈಚೆಗೆ ಕಾನೂನಾಗಿಯೂ ಬಂತು. ಆಗ ಶಿಗ್ಗಾಂವದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2021ರ ಡಿಸೆಂಬರಿನಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾಯಿದೆಯಾಯಿತು. ಉಡುಗೊರೆ, ಹಣ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಮುನಿಸಿನ ಮಾತು ಎಲ್ಲವೂ ಅದರ ‘ಆಮಿಷ’ದ ವ್ಯಾಖ್ಯೆಯೊಳಗೆ ಸೇರಿದವು. ಮತ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕಾಯಿತು. 2023ರ ಜೂನಿನಲ್ಲಿ ಹೊಸ ಸಂಪುಟ ಇದನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಕಾಯಿದೆಯ ಪರ-ವಿರೋಧದ ವಾದಗಳು ಬೇರೆ. ದೇವಶಾಸ್ತ್ರದ ಕಡೆಯಿಂದ ನೋಡಿದರೆ ತೊಡಕು ಹೀಗಿದೆ: ಕೃಪೆಯೆಂದರೆ ಬೆಲೆಯಿಲ್ಲದೆ ಸಿಗುವ ಉಡುಗೊರೆ ಎಂದು ಸಂತ ಪೌಲನ ಕಾಲದಿಂದ ಕಲಿಸಿಕೊಂಡು ಬಂದವರು, ಉಡುಗೊರೆಯನ್ನೇ ಶಂಕೆಯಿಂದ ನೋಡುವ ಊರಿನಲ್ಲಿ ಅದನ್ನು ಹೇಗೆ ವಿವರಿಸಬೇಕು? ಕನಕದಾಸರ, ಶರೀಫರ ನೆರೆಯಲ್ಲಿರುವ ಕ್ರೈಸ್ತರಿಗೆ ಇದಕ್ಕೆ ಬೇಕಾದ ಸಾಮಗ್ರಿ ಕೈಯಳತೆಯಲ್ಲೇ ಇದೆ. ಉತ್ತಂಗಿಯವರು ಸರ್ವಜ್ಞನಿಗೆ ಮಾಡಿದ್ದನ್ನು ಶಿಶುವಿನಹಾಳದ ಪದಗಳಿಗೆ ಮಾಡುವ ಪಾಸ್ಟರ್ ಒಬ್ಬರು ಈ ಸೀಮೆಯಿಂದ ಬರಬೇಕಾಗಿದೆ.